ಹಳೇ ಲೇತ್‌ಗೆ ಎಮರಿ ಪೇಪರ್ ಹಿಡಿಯೋ ಮುಂಚೆ

ಹಳೇ ಮಷೀನ್ ಮನೆಗೆ ತಂದಿಟ್ಕೊಂಡೋರ ಪತ್ರಗಳೇ ಈ ಸಲ ಜಾಸ್ತಿ, ಅದಕ್ಕೆ ಪೂರ್ತಿ ಪುಟ ಲೇತ್‌ಗೇ (ಲೋಹದ ತುಂಡನ್ನ ತಿರುಗಿಸ್ತಾ ಕಡಿಯೋ ಮಷೀನ್) ಬಿಟ್ಟಿದೀವಿ.

ಪ್ರಶ್ನೆ: ನಮ್ಮಪ್ಪ ಟರ್ನರ್ (ಲೇತ್ ಕೆಲಸಗಾರ) ಆಗಿದ್ರು. ಅವರ ಕೆಲಸದ ಶೆಡ್ ಮುಚ್ಚಿದಾಗ ಮೈಸೂರು ಕಿರ್ಲೋಸ್ಕರ್ ಲೇತ್ ಒಂದನ್ನ ಮನೆಗೆ ತಂದಿಟ್ರು. ಈಗ ಬೆಡ್ (ಮಷೀನಿನ ಉದ್ದಕ್ಕಿರೋ ಬೀಡು ಕಬ್ಬಿಣದ ತಳ) ಪೂರ್ತಿ ಕೆಂಪು ತುಕ್ಕು. ಫ್ರೆಂಡೊಬ್ಬ ಗ್ರೈಂಡರ್‌ಗೆ ವೈರ್ ಕಪ್ ಹಾಕಿ ಹೊಡ್ದು ಪೇಂಟ್ ಮಾಡಿದ್ರೆ ಹೊಸದರ ಥರ ಆಗುತ್ತೆ ಅಂತಾನೆ. ಮಾಡ್ಲಾ? – ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಫ್ರೆಂಡ್‌ಗೆ ಒಂದು ಕಾಫಿ ಕೊಡ್ಸಿ ಮನೆಗೆ ಕಳ್ಸಿ. ನಿಮ್ಮ ಪಕ್ಕದ ಹರಿಹರದಲ್ಲೇ 1941ರಲ್ಲಿ ಶುರುವಾದ ಕಂಪ್ನಿ ಅದು, ಮುಚ್ಚಿ ಎಷ್ಟೋ ವರ್ಷ ಆಯ್ತು, ಅಂದ್ರೆ ನೀವು ಹಾಳು ಮಾಡಿದ ಭಾಗಕ್ಕೆ ಹೊಸ ಸ್ಪೇರ್ ಸಿಗಲ್ಲ, ಗುಜರಿಲಿ ಹುಡುಕ್ಬೇಕು ಇಲ್ಲ ಮಾಡಿಸ್ಬೇಕು. ಲೇತ್‌ನ ಜೀವ ಇರೋದು ಬೆಡ್ ಮೇಲಿನ ವಿ ಆಕಾರದ ದಾರಿ ಮತ್ತೆ ಪಕ್ಕದ ಚಪ್ಪಟೆ ದಾರಿ ಎಷ್ಟು ನೇರ ಇದೆ ಅನ್ನೋದ್ರಲ್ಲಿ, ಟೂಲ್ ಹೊತ್ಕೊಂಡು ಹೋಗೋ ಸ್ಯಾಡಲ್ ಅದರ ಮೇಲೇ ಓಡೋದು. ಕೈಯಲ್ಲಿ ಹಿಡ್ದ ಗ್ರೈಂಡರ್‌ಗೆ ನೇರ ಅಂದ್ರೇನು ಅಂತ ಗೊತ್ತಿರಲ್ಲ, ಒಂದು ಕಡೆ ಎರಡು ಸೆಕೆಂಡ್ ಜಾಸ್ತಿ ನಿಂತ್ರೆ ಅಲ್ಲಿ ಗುಂಡಿ. ಎಮರಿ ಪೇಪರ್ರೂ ಬೇಡ, ಅದರ ಪುಡಿ ಸ್ಯಾಡಲ್ ಕೆಳಗೆ ಸೇರ್ಕೊಂಡು ಆಮೇಲೂ ಅರೀತಾನೇ ಇರುತ್ತೆ.

ಮಾಡ್ಬೇಕಾದ್ದು ಇಷ್ಟೇ. ಸೀಮೆಎಣ್ಣೆ, ಸಿಗ್ಲಿಲ್ಲ ಅಂದ್ರೆ ಡೀಸೆಲ್, ಅದ್ರಲ್ಲಿ ಬಟ್ಟೆ ನೆನೆಸಿ ಬೆಡ್ ಮೇಲೆ ಹಾಸಿ ಒಂದು ರಾತ್ರಿ ಬಿಡಿ (ಬಾಗಿಲು ಕಿಟಕಿ ತೆಗ್ದಿರಿ, ಹತ್ರ ಬೀಡಿ ಸಿಗರೇಟು ಬೇಡ). ಬೆಳಗ್ಗೆ ಬ್ಲೇಡನ್ನ ಬೆಡ್‌ಗೆ ಒರಗಿಸಿ ಹಿಡ್ದು ತಳ್ಕೊಂಡ್ ಹೋದ್ರೆ ಕೆಂಪು ತುಕ್ಕು ಎದ್ದು ಬರುತ್ತೆ, ಉಳಿದಿದ್ದಕ್ಕೆ ಎಣ್ಣೆ ಹಚ್ಚಿ ತುಂಬಾ ನೈಸ್ ಸ್ಟೀಲ್ ವೂಲ್‌ನಲ್ಲಿ ಮೆಲ್ಲಗೆ ಉಜ್ಜಿ, ಚೂರುಗಳನ್ನ ಪೂರ್ತಿ ಒರ್ಸಿ. ಕೆಳಗೆ ಕಪ್ಪು ಕಲೆ ಉಳಿಯುತ್ತೆ, ಉಳೀಲಿ, ಅದರಿಂದ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ. ಸ್ಯಾಡಲ್ ಅಥವಾ ಕ್ರಾಸ್ ಸ್ಲೈಡ್ (ಸ್ಯಾಡಲ್ ಮೇಲೆ ಅಡ್ಡಕ್ಕೆ ಓಡೋ ಭಾಗ) ಮೇಲೆ ಚಂದ್ರನ ಚೂರಿನ ಥರ ಗುರುತು ಸಾಲಾಗಿ ಕಂಡ್ರೆ ಗೀರು ಅಂದ್ಕೊಂಡು ಅಳಿಸಕ್ಕೆ ಹೋಗ್ಬೇಡಿ, ಅದು ಸ್ಕ್ರೇಪರ್ ಹಿಡ್ದು ಬೇಕು ಅಂತ್ಲೇ ಮಾಡಿರೋದು, ಆ ತಗ್ಗಲ್ಲಿ ಎಣ್ಣೆ ನಿಲ್ಲುತ್ತೆ.

ಬಿಚ್ಚಿ ತೆಗೆಯೋಕೆ ಆಗೋ ಹ್ಯಾಂಡಲ್, ಬೋಲ್ಟು, ಟೂಲ್ ಪೋಸ್ಟು ಇಂಥವನ್ನ ಕಾಕಂಬಿ ನೀರಲ್ಲಿ ಮುಳುಗ್ಸಿ ಇಡಿ, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ಮೂರು ವಾರ ಬೇಕಾಗುತ್ತೆ, ವಾಸನೆ ಮಾತ್ರ ತಡೆಯಕ್ಕಾಗಲ್ಲ, ಹಿತ್ತಲಲ್ಲಿಡಿ. ಅಲ್ಯೂಮಿನಿಯಂ, ಜಿಂಕ್ ಭಾಗ ಮಾತ್ರ ಅದರೊಳಗೆ ಹಾಕ್ಬೇಡಿ, ತಿಂದ್ಹಾಕುತ್ತೆ. ಕಂಪ್ನಿ ಪ್ಲೇಟ್, ಗೇರ್ ಚಾರ್ಟ್ ಇದ್ರೆ ಹುಣಸೆಹಣ್ಣು ಹಾಕಿ ತಿಕ್ಕೋ ಉತ್ಸಾಹ ಬೇಡ, ಅಕ್ಷರದ ಬಣ್ಣನೂ ಹೋಗುತ್ತೆ. ಹಳೇ ಪೇಂಟ್ ಗಟ್ಟಿ ಇದ್ರೆ ಅದನ್ನೇ ಬಿಡಿ. ಕೆರೆದೇ ತೀರ್ತೀನಿ ಅಂದ್ರೂ ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸ್ಬೇಡಿ, ಆ ಕಾಲದ ಪೇಂಟಲ್ಲಿ ಸೀಸ ಇರೋ ಚಾನ್ಸ್ ಜಾಸ್ತಿ.

ಪ್ರಶ್ನೆ: ಮಳೆಗಾಲದಲ್ಲಿ ಟಾರ್ಪಾಲಿನ್ ಬಿಗಿಯಾಗಿ ಸುತ್ತಿದ್ರೂ ಒಂದೇ ರಾತ್ರಿಲಿ ತುಕ್ಕು ಬರುತ್ತೆ, ಯಾಕೆ? – ಓದುಗರು, ಉಡುಪಿ

ಉತ್ತರ: ಬಿಗಿಯಾಗಿ ಸುತ್ತಿರೋದೇ ಅರ್ಧ ಕಾರಣ. ಅಷ್ಟು ದೊಡ್ಡ ಬೀಡು ಕಬ್ಬಿಣ ರಾತ್ರಿ ತಣ್ಣಗಾಗುತ್ತೆ, ಬೆಳಗ್ಗೆ ಗಾಳಿ ಬೆಚ್ಚಗಾದ್ರೂ ಅದು ಬೇಗ ಬೆಚ್ಚಗಾಗಲ್ಲ, ಆಗ ಗಾಳಿಲಿರೋ ತೇವ ಅದರ ಮೇಲೆ ನೀರಾಗಿ ಕೂರುತ್ತೆ, ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರೋ ಥರ. ಪ್ಲಾಸ್ಟಿಕ್ ಆ ನೀರನ್ನ ಒಣಗಕ್ಕೂ ಬಿಡಲ್ಲ. ಟಾರ್ಪಾಲಿನ್ ತೆಗ್ದು ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ. ಅದರೊಳಗೆ ಬೆಡ್ ಕೆಳಗೆ 40 ವಾಟಿನ ಹಳೇ ಕಾಲದ ಬಲ್ಬ್ ಒಂದನ್ನ ಬಟ್ಟೆಗೆ ತಗುಲದ ಹಾಗೆ ಲೋಹದ ಜಾಲರಿ ಒಳಗಿಟ್ಟು ಉರಿಸಿ, ಎಣ್ಣೆ ಬಟ್ಟೆ ಹತ್ರ ಬರ್ಬಾರ್ದು (ಎಲ್‌ಇಡಿ ಬೇಡ, ನಮಗೆ ಬೇಕಿರೋದು ಬಿಸಿ, ಬೆಳಕಲ್ಲ). ಕಬ್ಬಿಣ ಸುತ್ತಲಿನ ಗಾಳಿಗಿಂತ ಸ್ವಲ್ಪ ಬೆಚ್ಚಗಿದ್ರೆ ಸಾಕು. ಇನ್ನೊಂದು, ಟಾಯ್ಲೆಟ್ ತೊಳೆಯೋ ಆಸಿಡ್ ಅದೇ ರೂಮಲ್ಲಿ ಇಟ್ಟಿದೀರಾ ನೋಡಿ. ಮುಚ್ಚಳ ಹಾಕಿದ್ರೂ ಅದರ ಹೊಗೆ ಬರ್ತಾ ಇರುತ್ತೆ, ರೂಮಿನ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಸುತ್ತೆ. ಮೊದ್ಲು ಅದನ್ನ ಹೊರಗೆ ಹಾಕಿ.

ಪ್ರಶ್ನೆ: ಬೈಕಿಂದ ಇಳಿಸಿದ ಇಂಜಿನ್ ಆಯಿಲ್ ಹಾಕ್ಬೋದಾ? – ಓದುಗರು, ತುಮಕೂರು

ಉತ್ತರ: ಬೇಡ. ಅದ್ರಲ್ಲಿ ಲೋಹದ ಪುಡಿ, ಮಸಿ, ಆಸಿಡ್ ಎಲ್ಲ ಇರುತ್ತೆ. ಬೆಡ್‌ಗೆ 68 ಗ್ರೇಡಿನ ಸ್ಲೈಡ್‌ವೇ ಆಯಿಲ್ ತಗೊಳ್ಳಿ, ಹೆಡ್‌ಸ್ಟಾಕ್‌ಗೆ (ಸ್ಪಿಂಡಲ್, ಗೇರ್ ಇರೋ ಎಡಗಡೆ ಪೆಟ್ಟಿಗೆ) ಪ್ಲೇಟ್ ಮೇಲೆ ಏನು ಬರ್ದಿದ್ಯೋ ಅದು. ನಿಪ್ಪಲ್ (ಎಣ್ಣೆ, ಗ್ರೀಸ್ ತುಂಬೋ ಮೂತಿ) ಕಂಡಲ್ಲೆಲ್ಲ ಗ್ರೀಸ್ ಗನ್ ಹಿಡೀಬೇಡಿ, ಹಳೇ ಮಷೀನ್‌ಗಳಲ್ಲಿ ಎಷ್ಟೋ ನಿಪ್ಪಲ್ ಇರೋದು ಎಣ್ಣೆಗೆ, ಗ್ರೀಸ್ ತುಂಬಿದ್ರೆ ದಾರಿ ಕಟ್ಕೊಳುತ್ತೆ.

ಪ್ರಶ್ನೆ: ಮೋಟರ್ 2 ಎಚ್‌ಪಿ ತ್ರೀ ಫೇಸ್, ಮನೆಲಿ ಇರೋದು ಸಿಂಗಲ್ ಫೇಸ್. ಮೋಟರ್ ಬದಲಾಯಿಸ್ಬೇಕಾ? – ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಹಳೇ ಮೋಟರ್ ಇಟ್ಕೊಳ್ಳಿ. ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡೋ ವಿಎಫ್‌ಡಿ (ಮೋಟರ್ ವೇಗ ಹೊಂದಿಸೋ ಎಲೆಕ್ಟ್ರಾನಿಕ್ ಡ್ರೈವ್) ಸಿಗುತ್ತೆ, ಎಸ್‌ಪಿ ರೋಡಲ್ಲಿ ಕೇಳಿ. ಆದ್ರೆ ಅದು ಕೊಡೋದು 230 ವೋಲ್ಟ್, ನಿಮ್ಮ ಮೋಟರ್ 415ಕ್ಕೆ ಸ್ಟಾರ್‌ನಲ್ಲಿ ಕಟ್ಟಿದ್ರೆ ಅದನ್ನ ಡೆಲ್ಟಾಗೆ ಬದಲಾಯಿಸ್ಬೇಕು (ಸ್ಟಾರ್, ಡೆಲ್ಟಾ ಅಂದ್ರೆ ವೈಂಡಿಂಗ್ ತುದಿಗಳನ್ನ ಜೋಡಿಸೋ ಎರಡು ರೀತಿ), ಟರ್ಮಿನಲ್ ಬಾಕ್ಸಲ್ಲಿ ಆರೂ ತುದಿ ಹೊರಗೆ ಬಂದಿದ್ರೆ ಐದು ನಿಮಿಷದ ಕೆಲಸ, ಮೂರೇ ಇದ್ರೆ ವೈಂಡಿಂಗ್ ಅಂಗಡಿಯೋರು ಒಳಗಿನ ಸ್ಟಾರ್ ಜಾಯಿಂಟ್ ಬಿಚ್ಚಿ ಹೊರಗೆ ತರ್ಬೇಕು. ಎಲೆಕ್ಟ್ರಿಷಿಯನ್ ಇಲ್ದೆ ಕೈ ಹಾಕ್ಬೇಡಿ. ಇನ್ನೊಂದು ಅಪಾಯ ಹೇಳ್ಬಿಡ್ತೀನಿ: ಚಕ್ (ಕೆಲಸದ ತುಂಡನ್ನ ಹಿಡಿಯೋ ಭಾಗ) ಸ್ಪಿಂಡಲ್‌ನ ಥ್ರೆಡ್ ಮೇಲೆ ತಿರುಗ್ಸಿ ಹಾಕೋ ಥರದ್ದಾದ್ರೆ ವಿಎಫ್‌ಡಿ ಬ್ರೇಕನ್ನ ನಿಧಾನಕ್ಕೆ ಸೆಟ್ ಮಾಡಿ, ಸ್ಪಿಂಡಲ್ ದಿಢೀರ್ ನಿಂತ್ರೆ ಚಕ್ ತಾನೇ ಬಿಚ್ಕೊಂಡು ಹೊರಗೆ ಬರುತ್ತೆ.

ಪ್ರಶ್ನೆ: ಆಯುಧಪೂಜೆಗೆ ಲೇತ್‌ಗೆ ಅರಿಶಿನ ಕುಂಕುಮ ಇಡ್ಬಾರ್ದು ಅಂತ ಮಗ ಜಗಳ ಆಡ್ತಾನೆ. – ಓದುಗರು, ಮೈಸೂರು

ಉತ್ತರ: ಇಬ್ರೂ ಸರಿ. ಧಾರಾಳವಾಗಿ ಇಡಿ, ಆದ್ರೆ ಬೆಲ್ಟ್ ಗಾರ್ಡ್ ಮೇಲೆ, ಬೆಡ್ ಮೇಲಲ್ಲ. ಒದ್ದೆ ಕುಂಕುಮ, ನಿಂಬೆಹಣ್ಣಿನ ರಸ ಬಿದ್ದ ಕಡೆ ವಿಜಯದಶಮಿ ಬೆಳಗ್ಗೆನೇ ತುಕ್ಕಿನ ಚುಕ್ಕೆ ಕಾಣುತ್ತೆ. ಅದೇ ರಾತ್ರಿ ಒರೆಸಿ ಎಣ್ಣೆ ಹಚ್ಚೋ ಕೆಲಸ ಮಗನಿಗೆ ಕೊಡಿ.

ಪ್ರಶ್ನೆ: ಚಕ್ ಹತ್ರ ಬೆಡ್ ಸವೆದಿದೆ, ಟರ್ನಿಂಗ್ ಮಾಡಿದ್ರೆ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬರುತ್ತೆ. ಬೆಡ್ ಗ್ರೈಂಡಿಂಗ್ ಮಾಡಿಸ್ಲಾ? – ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ಬೆಡ್ ಗ್ರೈಂಡ್ ಮಾಡ್ಸಿದ್ರೆ ಸ್ಯಾಡಲ್ ಕೆಳಗೆ ಇಳಿಯುತ್ತೆ, ಆಗ ಏಪ್ರನ್ (ಸ್ಯಾಡಲ್ ಮುಂದೆ ನೇತಾಡೋ ಪೆಟ್ಟಿಗೆ) ಕೂಡ ಇಳಿದು ಲೀಡ್ ಸ್ಕ್ರೂಗೂ (ಸ್ಯಾಡಲ್ ಎಳೆಯೋ ಉದ್ದ ಸ್ಕ್ರೂ) ಅದನ್ನ ಹಿಡಿಯೋ ಹಾಫ್ ನಟ್‌ಗೂ ಲೈನ್ ತಪ್ಪುತ್ತೆ, ಅದನ್ನ ಸರಿ ಮಾಡೋದು ಇನ್ನೊಂದು ದೊಡ್ಡ ಖರ್ಚು. ಎಷ್ಟೋ ಸಲ ಸವೆತ ಅಂತ ಬೈಸ್ಕೊಳ್ಳೋ ಟೇಪರ್‌ಗೆ ಕಾರಣ ನೆಲ ಸಮ ಇಲ್ದೆ ಬೆಡ್ ತಿರುಚಿಕೊಂಡಿರೋದು. ಮೀಟರಿಗೆ 0.02 ಮಿಮೀ ತೋರ್ಸೋ ಪ್ರಿಸಿಷನ್ ಲೆವೆಲ್ ಯಾರ ಹತ್ರನಾದ್ರೂ ಎರವಲು ತನ್ನಿ, ಬೆಡ್ ಮೇಲೆ ಅಡ್ಡಕ್ಕಿಟ್ಟು ಎರಡೂ ತುದಿಲಿ ನೋಡಿ ಮಷೀನ್ ಕಾಲಿನ ಕೆಳಗೆ ಶಿಮ್ (ತೆಳ್ಳನೆ ತಗಡು) ಕೊಟ್ಟು ಸರಿ ಮಾಡಿ. ಆಮೇಲೆ 25 ಮಿಮೀ ದಪ್ಪದ ರಾಡ್ ಚಕ್‌ಗೆ ಹಿಡಿಸಿ, ಟೈಲ್‌ಸ್ಟಾಕ್ (ಇನ್ನೊಂದು ತುದಿಗೆ ಆಸರೆ ಕೊಡೋ ಭಾಗ) ಕೊಡ್ಬೇಡಿ, ಸುಮಾರು 100 ಮಿಮೀ ಹೊರಗೆ ಬಿಟ್ಟು, ಎರಡು ತುದಿಲಿ ಉಂಗುರದ ಥರ ಉಳಿಸ್ಕೊಂಡು ಮಧ್ಯೆ ತಗ್ಗಿಸಿ, ಟೂಲ್ ಅಲುಗಾಡಿಸ್ದೆ ಎರಡೂ ಉಂಗುರದ ಮೇಲೆ ತೀರ ತೆಳ್ಳಗೆ ಒಂದು ಕಟ್ ಹೊಡ್ದು ಮೈಕ್ರೋಮೀಟರ್‌ನಲ್ಲಿ ಅಳೀರಿ. ಲೆವೆಲ್ ಪೂರ್ತಿ ಸರಿ ಇದ್ದೂ ವ್ಯತ್ಯಾಸ ಉಳಿದ್ರೆ ಆ ಎರಡು ಅಳತೆ ಬರ್ದು ಕಳ್ಸಿ, ಗ್ರೈಂಡಿಂಗ್ ಮಾತು ಆಮೇಲೆ ಆಡೋಣ.