7.65×53 ಆರ್ಜೆಂಟೈನ್ ರೈಫಲ್ ಕಾಡತೂಸಿನ ಕೇಸು (ಹಿತ್ತಾಳೆ ಕೋಶ) ಎಲ್ಲೂ ಸಿಗುತ್ತಿಲ್ಲ. ಬೇರೆ ಕೇಸನ್ನು ಒತ್ತಿ ಈ ಆಕಾರಕ್ಕೆ ತರುವ ಫಾರ್ಮಿಂಗ್ ಡೈ ಸೆಟ್ ಕೊಳ್ಳಲೇ, ಇಲ್ಲಾ ಕಾಯಲೇ?

ಎರಡೂ ಬೇಡ. ಈ ಕಾಡತೂಸಿನದೇ 1891ರ ಮೌಸರ್ ರೈಫಲ್ ಕೈಗೆ ಬಂದಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದಿದ್ದೆ. ಕೊನೆಗೆ .30-06 ಎಂಬ ಇನ್ನೊಂದು ರೈಫಲ್ ಕಾಡತೂಸಿನ ಖಾಲಿ ಕೇಸುಗಳಿಂದ 40 ಮಾಡಿಕೊಂಡೆ, ಆ 40ನ್ನೂ ಎಸೆದೆ. ಡೈ ಸಾಲದೆ ಹೋಗಿದ್ದಕ್ಕಲ್ಲ, ಇದ್ದ ಒಂದೇ ಸೈಜಿಂಗ್ ಡೈಯನ್ನು (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ಅಗತ್ಯಕ್ಕಿಂತ ಕೆಳಗಿಳಿಸಿದ್ದಕ್ಕೆ.

ಡೈ ಜೊತೆಗಿದ್ದ ಚೀಟಿಯಲ್ಲಿ, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ ಆಮೇಲೆ ಇನ್ನೂ ಕಾಲು ಸುತ್ತು ಬಿಗಿ ಮಾಡಿ ಎಂದಿತ್ತು. ಹಾಗೇ ಮಾಡಿದೆ. ಹಳೇ ಮಿಲಿಟರಿ ರೈಫಲ್‌ಗಳ ಚೇಂಬರ್ (ಕಾಡತೂಸು ಕೂರುವ ಗೂಡು) ಸಡಿಲ. ಡೈ ಕೊರೆದಿರುವುದು ಪುಸ್ತಕದ ಅಳತೆಗೆ. ಹೀಗಾಗಿ ಕೇಸಿನ ಭುಜ (ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು) ಚೇಂಬರಿನ ಭುಜಕ್ಕಿಂತ ಹಿಂದೆಯೇ ಉಳಿಯಿತು. ಅಂಥ ಕೇಸಿಗೆ ಏನಾಗುತ್ತದೆ ನೋಡಿ. ಫೈರಿಂಗ್ ಪಿನ್ ಹೊಡೆದಾಗ ಕೇಸು ಮೊದಲು ಮುಂದಕ್ಕೆ ಜಾರುತ್ತದೆ. ಒತ್ತಡ ಏರುತ್ತಿದ್ದಂತೆ ಮುಂಭಾಗದ ತೆಳು ಗೋಡೆ ಉಬ್ಬಿ ಚೇಂಬರನ್ನು ಕಚ್ಚಿ ಹಿಡಿಯುತ್ತದೆ. ದಪ್ಪ ಬುಡ ಹಾಗೆ ಕಚ್ಚುವುದಿಲ್ಲ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ನ ಮುಖ ಸಿಗುವವರೆಗೆ ಹಿಂದಕ್ಕೆ ಸರಿಯುತ್ತದೆ. ನಡುವೆ ಸಿಕ್ಕಿಬಿದ್ದ ಹಿತ್ತಾಳೆ ಎಳೆದುಕೊಳ್ಳುತ್ತದೆ, ಬುಡದಿಂದ ಸುಮಾರು 1 ಸೆಂ.ಮೀ. ಮೇಲೆ. ಮೊದಲ ಸಲ ಕಣ್ಣಿಗೆ ಏನೂ ಕಾಣಲಿಲ್ಲ. ಎರಡನೇ ಸಲಕ್ಕೆ ಹೊರಗೆ ಒಂದು ಹೊಳೆಯುವ ಉಂಗುರ. ಮೂರನೇ ಸಲ ಒಂದು ಕೇಸಿನ ಬುಡ ಮಾತ್ರ ಹೊರಬಂತು, ಉಳಿದರ್ಧ ಚೇಂಬರಿನಲ್ಲೇ. ಪ್ರತಿ ಸಲವೂ ಅದೇ ಡೈ ಭುಜವನ್ನು ಮತ್ತೆ ಹಿಂದಕ್ಕೆ ತಳ್ಳುತ್ತಿತ್ತಲ್ಲ, ಹಿಗ್ಗುವಿಕೆ ಕೂಡುತ್ತಾ ಹೋಗಿತ್ತು.

ಈ ಡೈಗಳ ತಿರುಪಿನ ಮರೆ (ಸುರುಳಿ) ಇಂಚಿಗೆ 14. ಅಂದರೆ ಒಂದು ಸುತ್ತು ತಿರುಗಿಸಿದರೆ ಡೈ 1.8 ಮಿ.ಮೀ. ಸರಿಯುತ್ತದೆ, ಅರೆಕಾಲು (1/8) ಸುತ್ತಿಗೆ ಸುಮಾರು 0.23. ಈ ಲೆಕ್ಕ ತಲೆಯಲ್ಲಿದ್ದರೆ ಬೇರೆ ಗೇಜು ಬೇಕಾಗುವುದೇ ಅಪರೂಪ. ಡೈ ಶೆಲ್ ಹೋಲ್ಡರ್‌ಗೆ ತಾಗಿದ ಮೇಲೆ ಪೂರ್ತಿ ಒಂದು ಸುತ್ತು ಮೇಲೆತ್ತಿ ಶುರುಮಾಡಿ. ಬೋಲ್ಟ್‌ನಿಂದ ಫೈರಿಂಗ್ ಪಿನ್ ಮತ್ತು ಸ್ಪ್ರಿಂಗ್ ಕಳಚಿಡಿ, ಇಲ್ಲದಿದ್ದರೆ ಕೈಗೆ ಏನೂ ತಿಳಿಯದು. ಅರೆಕಾಲು ಸುತ್ತು ಇಳಿಸಿ, ಕೇಸು ಒತ್ತಿ, ಒರೆಸಿ, ಬೋಲ್ಟ್ ಮುಚ್ಚಿ ನೋಡಿ. ಹಿಡಿ ಅರ್ಧಕ್ಕೆ ನಿಲ್ಲುತ್ತಿದ್ದರೆ ಇನ್ನೂ ಇಳಿಸಿ. ಹತ್ತಿರ ಬಂದ ಮೇಲೆ ವೀಸ (1/16) ಸುತ್ತಿನಂತೆ. ಕೊನೆಯಲ್ಲಿ ಸಣ್ಣ ಬಿಗಿ ಇಟ್ಟುಕೊಂಡೇ ಮುಚ್ಚಿಕೊಳ್ಳಬೇಕು. ಅಲ್ಲಿಗೆ ಲಾಕ್ ರಿಂಗ್ ಬಿಗಿ ಮಾಡಿ, ಮತ್ತೆ ಮುಟ್ಟಬೇಡಿ. ಅನುಮಾನವಿದ್ದರೆ ಕೇಸಿನ ಬುಡಕ್ಕೆ ಸೆಲ್ಲೊಟೇಪ್ ಎರಡು ಪದರ ಅಂಟಿಸಿ. ಆಗಲೂ ಬೋಲ್ಟ್ ಸಲೀಸಾಗಿ ಮುಚ್ಚಿದರೆ ಭುಜ ಹಿಂದೆ ಹೋಗಿದೆ ಎಂದರ್ಥ.

ಮಿಕ್ಕ ಕೆಲಸ ಅಷ್ಟು ಕಷ್ಟದ್ದಲ್ಲ. .30-06ರ ಬುಡ ಮೌಸರ್ ವಂಶದ್ದೇ, ಸುಮಾರು 12 ಮಿ.ಮೀ. ದಪ್ಪ. ಉದ್ದ ಮಾತ್ರ 63.3, ನಮಗೆ ಬೇಕಾದ್ದು 53.5ರ ಆಸುಪಾಸು. ಮೊದಲೇ 55ಕ್ಕೆ ಗರಗಸದಲ್ಲಿ ಕತ್ತರಿಸಿ, ಅಂಚಿನ ಮುಳ್ಳು ತೆಗೆದು, ಡೈಯೊಳಗಿನ ಎಕ್ಸ್‌ಪ್ಯಾಂಡರ್ ಕಡ್ಡಿ (ಕತ್ತನ್ನು ಒಳಗಿಂದ ಅಗಲಿಸುವುದು) ಬಿಚ್ಚಿ ಒತ್ತಿ. ಕೇಸಿಗೆ ಸವರುವ ಜಿಡ್ಡು, ಲ್ಯಾನೊಲಿನ್, ತೆಳ್ಳಗಿರಲಿ: ಹೆಚ್ಚಾದರೆ ಭುಜದಲ್ಲಿ ಗುಳಿ ಬೀಳುತ್ತದೆ, ಇಲ್ಲದಿದ್ದರೆ ಕೇಸು ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ 53.3ಕ್ಕೆ ಟ್ರಿಮ್ ಮಾಡಿ.

ಒತ್ತುವ ಮೊದಲು ಕತ್ತಾಗುವ ಭಾಗವನ್ನು ಕಾಯಿಸಿ ಮೆದು ಮಾಡಿ. ಬುಡವನ್ನು ಬರಿಬೆರಳಲ್ಲಿ ಹಿಡಿದು ಮೇಲ್ತುದಿಯನ್ನು ಗ್ಯಾಸ್ ಉರಿಯಲ್ಲಿ ತಿರುಗಿಸುತ್ತಿರಿ, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಬಿಡಿ. ಹಿತ್ತಾಳೆ ನೀರಿಗೆ ಬಿದ್ದು ಗಟ್ಟಿಯಾಗುವುದಿಲ್ಲ, ಶಾಖ ಕೆಳಗಿಳಿಯುವುದು ನಿಲ್ಲುತ್ತದೆ ಅಷ್ಟೆ. ಬುಡ ಮೆದುವಾದ ಕೇಸು ಯಾವ ಉಪಯೋಗಕ್ಕೂ ಬಾರದು, ಒತ್ತಡ ತಡೆಯುವ ಜಾಗವೇ ಅದು.

ಕತ್ತಿನ ದಪ್ಪ ಮರೆಯಬೇಡಿ. ಹೊಸ ಕತ್ತಾಗಿರುವುದು ಹಳೇ ಕೇಸಿನ ಭುಜ ಮತ್ತು ಮೈಯ ಭಾಗ. ಅಲ್ಲಿ ಗೋಡೆ ದಪ್ಪ. ಗುಂಡು ಕೂರಿಸಿದ ಮೇಲೆ ಕತ್ತಿಗೆ ಚೇಂಬರಿನಲ್ಲಿ ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡು ಬಿಡುಗಡೆಯಾಗದೆ ಒತ್ತಡ ಅಪಾಯಕ್ಕೇರುತ್ತದೆ. ಹಾರಿಸಿದ ಕೇಸಿನ ಬಾಯಿಗೆ ಗುಂಡು ಕೈಯಲ್ಲೇ ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಕತ್ತನ್ನು ಹೊರಗಿನಿಂದ ಹೆರೆಯಿರಿ, ಇಲ್ಲಾ ಒಳಗಿಂದ ರೀಮ್ ಮಾಡಿ. ಆದರೆ ಈ ಪರೀಕ್ಷೆ ಹಾರಿಸಿದ ಮೇಲಿನದು. ಮೊದಲ ಗುಂಡಿಗೂ ಮುಂಚೆ ಭರ್ತಿ ಕಾಡತೂಸಿನ ಕತ್ತನ್ನು ಕ್ಯಾಲಿಪರ್‌ನಲ್ಲಿ ಅಳೆದು, ಅದೇ ಚೇಂಬರಿನಲ್ಲಿ ಹಾರಿಸಿದ ಕಾರ್ಖಾನೆ ಕೇಸಿನ ಕತ್ತಿಗಿಂತ ಕನಿಷ್ಠ 0.05 ಮಿ.ಮೀ. ಸಣ್ಣದಿದೆಯೇ ನೋಡಿ. ಗುಂಡು ಕೂಡ .308ರದಲ್ಲ, .311ರಿಂದ .313 ಇಂಚಿನದು. ಮದ್ದು ಪ್ರಕಟಿತ ಕೋಷ್ಟಕದ ಆರಂಭದ ತೂಕದಿಂದಲೇ, ಏಕೆಂದರೆ ದಪ್ಪ ಗೋಡೆಯ ಕೇಸಿನ ಒಳಜಾಗ ಕಡಿಮೆ.

ಪ್ರತಿ ಸಲ ತುಂಬುವ ಮುನ್ನ ತುದಿ ಬಗ್ಗಿಸಿದ ಗಟ್ಟಿ ತಂತಿಯಿಂದ ಒಳಗೋಡೆಯನ್ನು ಬುಡದಿಂದ ಮೇಲಕ್ಕೆ ಸವರಿ. ಆ 1 ಸೆಂ.ಮೀ. ಜಾಗದಲ್ಲಿ ತುದಿ ತೋಡಿಗೆ ಸಿಕ್ಕಿ ನಿಂತರೆ, ಹೊರಗೆ ಉಂಗುರ ಕಾಣದಿದ್ದರೂ, ಆ ಕೇಸನ್ನು ಇಕ್ಕಳದಲ್ಲಿ ಜಜ್ಜಿ ಬುಟ್ಟಿಗೆ ಹಾಕಿ. ಬುಡದ ಮೇಲಿನ ಮುದ್ರೆ .30-06 ಎಂದೇ ಉಳಿಯುತ್ತದೆ; ಡಬ್ಬಿಯ ಮೇಲೆ 7.65×53 ಎಂದು ದಪ್ಪಕ್ಷರದಲ್ಲಿ ಬರೆದಿಡಿ.