ವೈರಸ್‌ಗಳ ವಂಶ ಹುಡುಕೋದು ಹೇಗೆ?

ಪ್ರಶ್ನೆ: ಸರ್, ಬ್ಯಾಕ್ಟೀರಿಯಾಗಳ ನಂಟು ನೋಡೋಕೆ 16ಎಸ್ ಜೀನ್ ಇದೆ, ಡಿಎನ್ಎ ವೈರಸ್‌ಗಳಿಗೆ ಏನಿದೆ?
– ಬಿಎಸ್ಸಿ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಒಳ್ಳೇ ಪ್ರಶ್ನೆ ಕಣಮ್ಮ. ಎಲ್ಲಾ ವೈರಸ್‌ಗಳಲ್ಲೂ ಇರೋ ಅಂಥ ಒಂದೇ ಜೀನ್ ಇಲ್ಲ, 16ಎಸ್ ಅನ್ನೋದು ಪ್ರೋಟೀನ್ ತಯಾರಿಸೋ ಯಂತ್ರವಾದ ರೈಬೋಸೋಮ್‌ನ ಒಂದು ಭಾಗದ ಜೀನ್, ವೈರಸ್‌ಗಳಿಗೆ ರೈಬೋಸೋಮೇ ಇಲ್ವಲ್ಲ, ಅದಕ್ಕೇ ಒಂದೊಂದು ಗುಂಪಲ್ಲಿ ಹೆಚ್ಚು ಬದಲಾಗದೆ ಉಳ್ಕೊಂಡಿರೋ ಪ್ರೋಟೀನ್ ಹುಡುಕ್ತಾರೆ. ಪಾಕ್ಸ್, ಮಿಮಿ ಥರದ ದೊಡ್ಡ ವೈರಸ್‌ಗಳಿಗೆ ಡಿಎನ್ಎ ನಕಲು ಮಾಡೋ ಪ್ರೋಟೀನ್, ಅಂದ್ರೆ ಡಿಎನ್ಎ ಪಾಲಿಮರೇಸ್ ಆಗುತ್ತೆ. ಆದ್ರೆ ನಂಗೆ ನಿಜವಾಗ್ಲೂ ಮೈ ಜುಮ್ಮೆನಿಸೋದು ಹೊರಕವಚದ ಪ್ರೋಟೀನ್: ತುಟೀಲಿ ಗುಳ್ಳೆ ಎಬ್ಬಿಸೋ ಹರ್ಪಿಸ್‌ದೂ ಬ್ಯಾಕ್ಟೀರಿಯಾಗೆ ತಗಲೋ ಬಾಲದ ಫೇಜ್‌ದೂ ಅಮಿನೋ ಆಸಿಡ್ ಸಾಲು ಪಕ್ಕಪಕ್ಕ ಇಟ್ರೆ ಹೋಲಿಕೇನೇ ಕಾಣಲ್ಲ, ಆದ್ರೆ ಮಡಚಿದ ಆಕಾರ ನೋಡಿದ್ರೆ ಎರಡೂ ಎಚ್‌ಕೆ97 ಅನ್ನೋ ಒಂದೇ ನಮೂನೆ, ಡಿಎನ್ಎನ ಒಳಗೆ ತುಂಬೋ ಟರ್ಮಿನೇಸ್ ಕೂಡ ಒಂದೇ ಥರದ್ದು! ಸಾಲು ಅಳಿಸಿಹೋದ್ರೂ ಆಕಾರ ಉಳಿಯುತ್ತೆ. 1999ರಲ್ಲಿ ನೆಗಡಿ ತರೋ ಅಡಿನೋವೈರಸ್‌ಗೂ ಪಿಆರ್‌ಡಿ1 ಫೇಜ್‌ಗೂ ಹೀಗೇ ಸಂಬಂಧ ಕಂಡಿತ್ತು, ಆದ್ರೆ ಅವುಗಳದ್ದು ಬೇರೆ ನಮೂನೆ, ಡಬಲ್ ಜೆಲ್ಲಿರೋಲ್. ಈಗ ಈ ಎರಡು ನಮೂನೆ ಹಿಡ್ಕೊಂಡೇ ಡುಪ್ಲೋಡ್ನಾವಿರಿಯಾ, ವ್ಯಾರಿಡ್ನಾವಿರಿಯಾ ಅಂತ ಎರಡು ದೊಡ್ಡ ವಿಭಾಗ ಮಾಡಿದಾರೆ.

ಒಂದು ಎಚ್ಚರ, ವೈರಸ್‌ಗಳು ಬೇರೆಯವರ ಜೀನ್ ಎತ್ಕೊಳ್ತವೆ, ಹಾಗಾಗಿ ಪ್ರಾಜೆಕ್ಟಲ್ಲಿ ಪಾಲಿಮರೇಸ್ ಒಂದನ್ನೇ ನಂಬ್ಕೊಂಡು ವಂಶವೃಕ್ಷ ಬರೀಬೇಡ, ಕವಚದ ಪ್ರೋಟೀನ್ ಜೊತೆ ತಾಳೆ ನೋಡು.