ಓದುಗರ ಪ್ರಶ್ನೆ, ನಮ್ಮ ಉತ್ತರ: ಕರೆಂಟು ಹೋದರೆ ಸೋಲಾರೂ ಯಾಕೆ ಹೋಗುತ್ತದೆ?

ಪ್ರಶ್ನೆ: ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಐದು ತಿಂಗಳಾಯಿತು. ಮಟಮಟ ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಲೈನಿನಲ್ಲಿ ಕರೆಂಟು ಹೋದ ಕೂಡಲೇ ನಮ್ಮ ಮನೆಯ ಫ್ಯಾನೂ ನಿಲ್ಲುತ್ತದೆ. ಇಷ್ಟು ದುಡ್ಡು ಸುರಿದು ಏನು ಬಂತು ಎಂದು ಮನೆಯವರು ಕೇಳುತ್ತಿದ್ದಾರೆ. ನಾವು ಮೋಸ ಹೋದೆವೇ?
(ತಿಪಟೂರಿನ ಓದುಗರು)

ಉತ್ತರ: ಮೋಸವಲ್ಲ. ಆದರೆ ಹಾಕಿಸುವ ಮುಂಚೆಯೇ ನಿಮಗೆ ಹೇಳಬೇಕಿದ್ದ ಮಾತನ್ನು ಯಾರೂ ಹೇಳಿಲ್ಲ. ನಿಮ್ಮದು ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್. ಅದರ ಇನ್ವರ್ಟರ್ (ಪ್ಯಾನೆಲ್‌ನ ವಿದ್ಯುತ್ತನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಲೈನಿನ 230 ವೋಲ್ಟ್, 50 ಹರ್ಟ್ಸ್ ನೋಡಿಕೊಂಡು, ಅದೇ ತಾಳಕ್ಕೆ ವಿದ್ಯುತ್ ಕೊಡುತ್ತದೆ. ಲೈನು ಸತ್ತರೆ ಕ್ಷಣಾರ್ಧದಲ್ಲಿ ತಾನೂ ನಿಲ್ಲಲೇಬೇಕು. ನಿಲ್ಲದಿದ್ದರೆ, ಫ್ಯೂಸ್ ಕಿತ್ತು ಧೈರ್ಯವಾಗಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಈ ರಕ್ಷಣೆಯನ್ನು ತಪ್ಪಿಸಿ ಕೊಡುತ್ತೇನೆ ಎನ್ನುವವರನ್ನು ಮನೆಯೊಳಗೆ ಬಿಡಬೇಡಿ.

ಕರೆಂಟು ಹೋದಾಗ ಫ್ಯಾನು, ದೀಪ ಸಾಕು ಎಂದಾದರೆ ಇರುವ ಇನ್ವರ್ಟರ್ ಬದಲಿಸುವ ಅಗತ್ಯವಿಲ್ಲ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಯ ಮಾಮೂಲು ಯುಪಿಎಸ್ ಸಾಕು. ಲೆಕ್ಕಕ್ಕೆ ಅದರಲ್ಲಿ 1,800 ವ್ಯಾಟ್-ಅವರ್ ಇದ್ದರೂ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಳಸಬೇಕು. 70 ವ್ಯಾಟಿನ ಮೂರು ಫ್ಯಾನು, 9 ವ್ಯಾಟಿನ ಐದು ಎಲ್‌ಇಡಿ ದೀಪ ಹಾಕಿದರೂ ಮೂರು ಗಂಟೆಗೆ ಮೋಸವಿಲ್ಲ. ಒಂದು ಎಚ್ಚರ: ಸೋಲಾರ್ ಇನ್ವರ್ಟರಿನ ವೈರನ್ನು ಯುಪಿಎಸ್‌ನಿಂದ ಹೊರಬರುವ ಕಡೆಗೆ ಸೇರಿಸಬಾರದು, ಯುಪಿಎಸ್‌ಗಿಂತ ಮೊದಲು, ಮೇನ್ ಕಡೆಗೇ ಸೇರಿಸಬೇಕು. ತಪ್ಪಾಗಿ ಸೇರಿಸಿದರೆ ಯುಪಿಎಸ್ ಕೊಡುವ ಕರೆಂಟನ್ನೇ ಲೈನೆಂದು ತಿಳಿದು ಸೋಲಾರ್ ಇನ್ವರ್ಟರ್ ಅದರೊಳಗೆ ವಿದ್ಯುತ್ ತಳ್ಳುತ್ತದೆ, ಯುಪಿಎಸ್ ಸುಟ್ಟುಹೋಗುತ್ತದೆ.

ಹಾಗೆಯೇ ಇನ್ನೊಂದನ್ನು ನೋಡಿಕೊಳ್ಳಿ. ಲೈನಿನಲ್ಲಿ ಕರೆಂಟು ಇದ್ದಾಗಲೂ 12ರಿಂದ 3 ಗಂಟೆಯ ನಡುವೆ ಇನ್ವರ್ಟರ್ ಬಂದ್ ಆಗಿ ಮತ್ತೆ ಚಾಲೂ ಆಗುತ್ತಿದ್ದರೆ ಅದು ವೋಲ್ಟೇಜ್ ಏರಿದ ಲಕ್ಷಣ. ಆ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್‌ರಿಂದ ಇನ್ವರ್ಟರ್ ಬಳಿ ಒಮ್ಮೆ, ಮೀಟರ್ ಬಳಿ ಒಮ್ಮೆ ವೋಲ್ಟೇಜ್ ಅಳೆಸಿ. ಎರಡರ ನಡುವೆ ನಾಲ್ಕೈದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಡುವಿನ ವೈರು ತೆಳುವಾಯಿತು ಎಂದರ್ಥ, ದಪ್ಪದ್ದು ಹಾಕಿಸಿ. ಮೀಟರಿನಲ್ಲೇ 255 ತೋರಿಸಿದರೆ ತೊಂದರೆ ನಿಮ್ಮ ಮನೆಯದಲ್ಲ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಹೊಂದಿಸುವ ಕೊಂಡಿ) ಬದಲಿಸಿ ವೋಲ್ಟೇಜ್ ಇಳಿಸಬೇಕೆಂದು ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಬರಹದಲ್ಲೇ ಕೊಡಿ. ಅಳತೆಯ ದಿನಾಂಕ, ಗಂಟೆ ಬರೆದು ಕೊಟ್ಟ ಅರ್ಜಿಯನ್ನು ಬದಿಗಿಡುವುದು ಕಷ್ಟ.

ಪ್ರಶ್ನೆ: ನಮಗೆ ತಿಂಗಳಿಗೆ 110 ಯೂನಿಟ್ ಸಾಕು. ಗೃಹಜ್ಯೋತಿಯಿಂದ ಬಿಲ್ಲು ಬರುವುದಿಲ್ಲ. ಆದರೂ ಸೋಲಾರ್ ಹಾಕಿಸಿದರೆ ಒಳ್ಳೆಯದೇ?
(ದಾವಣಗೆರೆಯ ಓದುಗರು)

ಉತ್ತರ: ಬಿಲ್ಲು ಉಳಿಸುವುದೇ ಉದ್ದೇಶವಾದರೆ ಈಗ ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ. ಬಳಕೆ 200 ಯೂನಿಟ್ ದಾಟುವ ಮನೆಯವರು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ, ಲಾಭ ಇರುವುದು ಅಂಥವರಿಗೆ. ಕೇಂದ್ರದ ಸೂರ್ಯಘರ್ ಯೋಜನೆಯ ಸಹಾಯಧನ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ತಾರಸಿ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ.

ನೆರಳಿನ ವಿಷಯ ಸಣ್ಣದೆಂದು ತಿಳಿಯಬೇಡಿ. ಪ್ಯಾನೆಲ್‌ಗಳು ಸರಪಳಿಯಂತೆ ಒಂದಕ್ಕೊಂದು ಕೂಡಿರುವುದರಿಂದ ಪಕ್ಕದ ತೆಂಗಿನ ಗರಿಯ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಅದರ ಪೆಟ್ಟು ಇಡೀ ಸಾಲಿಗೆ ತಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿದಾಗ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ನೋಡದೆ ಜಾಗ ಗೊತ್ತುಮಾಡಬೇಡಿ.

ಪ್ರಶ್ನೆ: ಭೂಮಿ ಬಿಸಿಯಾಗುತ್ತಿದೆ ಎಂದರೆ ನಮ್ಮ ಮಾವನವರು "ಹಾಗಾದರೆ ಮಳೆ ಯಾಕೆ ಹೀಗೆ ಸುರಿಯುತ್ತೆ?" ಎನ್ನುತ್ತಾರೆ. ಪ್ಯಾನೆಲ್ ತಯಾರಿಸಲು ಅದು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ ಬೇಕು ಎಂಬುದೂ ಅವರ ವಾದ. ಏನು ಹೇಳಲಿ?
(ಮಡಿಕೇರಿಯ ಓದುಗರು)

ಉತ್ತರ: ಅವರು ಕೇಳುವುದು ನ್ಯಾಯವಾದ ಪ್ರಶ್ನೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ, ಸುರಿಯದ ದಿನಗಳಲ್ಲಿ ನೆಲದ ಪಸೆಯನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಜೋರು ಮಳೆ, ಬಿರುಸಿನ ಬರ ಎರಡೂ ಅದೇ ಕಾವಿನ ಫಲ. ಹವೆಯಲ್ಲಿ ಇಂಗಾಲದ ಡೈಆಕ್ಸೈಡ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದಾಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿತ್ತು, ಈಗ 420 ದಾಟಿದೆ.

ಪ್ಯಾನೆಲ್ ಮಾತು ಮಾತ್ರ ತಪ್ಪು. ಬೆಣಚುಕಲ್ಲನ್ನು ಕರಗಿಸಿ ಸಿಲಿಕಾನ್ ತೆಗೆಯಲು ಬಹಳ ಶಕ್ತಿ ಬೇಕು ನಿಜ, ಆದರೆ ನಮ್ಮಂಥ ಬಿಸಿಲಿನಲ್ಲಿ ಒಂದೆರಡು ವರ್ಷದೊಳಗೆ ಅದು ತೀರುತ್ತದೆ. ಪ್ಯಾನೆಲ್ ಬಾಳುವುದು 25 ವರ್ಷ. 3 ಕಿಲೋವ್ಯಾಟ್ ಸೋಲಾರ್ ವರ್ಷಕ್ಕೆ ಸುಮಾರು 4,000 ಯೂನಿಟ್ ಕೊಡುತ್ತದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಹತ್ತಿರಹತ್ತಿರ 2.8 ಟನ್ ತಪ್ಪಿದಂತಾಯಿತು.

ಪ್ರಶ್ನೆ: ನಮ್ಮಲ್ಲಿ 2 ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್ ಇದೆ. ಮಳೆಗಾಲ ಶುರುವಾದ ಮೇಲೆ ಅನ್ನ ಬೇಯುವಷ್ಟೂ ಉರಿ ಬರುತ್ತಿಲ್ಲ. ತೆಗೆಸಿಬಿಡೋಣವೇ?
(ಸಿದ್ದಾಪುರದ ಓದುಗರು)

ಉತ್ತರ: ದಯವಿಟ್ಟು ತೆಗೆಸಬೇಡಿ. ಮೊದಲು ರೋಗ ಎಲ್ಲಿದೆ ಎಂದು ಹುಡುಕೋಣ. ರಾತ್ರಿ ಅಡುಗೆ ಮುಗಿದ ಮೇಲೆ ಗುಮ್ಮಟದ ಬಳಿಯ ಮುಖ್ಯ ವಾಲ್ವ್ ಮುಚ್ಚಿ. ಬಗ್ಗಡ ಹೊರಬರುವ ತೊಟ್ಟಿಯ ಗೋಡೆಯಲ್ಲಿ ಬಗ್ಗಡದ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗುಮ್ಮಟದಲ್ಲಿ ಗ್ಯಾಸ್ ತುಂಬಿದಂತೆ ಅದು ಬಗ್ಗಡವನ್ನು ಈ ತೊಟ್ಟಿಗೆ ತಳ್ಳುತ್ತದೆ. ಬೆಳಿಗ್ಗೆ ಮಟ್ಟ ಗೆರೆಗಿಂತ ಚೆನ್ನಾಗಿ ಮೇಲೇರಿದ್ದರೆ ಗ್ಯಾಸ್ ಆಗುತ್ತಿದೆ, ತೊಂದರೆ ಪೈಪಿನಲ್ಲೋ ಒಲೆಯಲ್ಲೋ ಇದೆ. ಏರದಿದ್ದರೆ ಒಂದೋ ಗ್ಯಾಸೇ ಆಗುತ್ತಿಲ್ಲ, ಇಲ್ಲವೇ ಗುಮ್ಮಟ ಸೋರುತ್ತಿದೆ. ಏರಿ ಮತ್ತೆ ಇಳಿದಿದ್ದರಂತೂ ಸೋರಿಕೆಯೇ.

ಪೈಪಿನ ತೊಂದರೆಯಾದರೆ ಉರಿ ಕುಪ್ಪಳಿಸುತ್ತದೆ. ಮಳೆಗಾಲದಲ್ಲಿ ನೀರಾವಿ ತಣಿದು ಪೈಪಿನ ತಗ್ಗಿನಲ್ಲಿ ನಿಲ್ಲುವುದೇ ಕಾರಣ. ನೀರು ಬಸಿಯುವ ನಲ್ಲಿ ಬಿಚ್ಚಿ ಖಾಲಿ ಮಾಡಿ. ಉರಿ ಹಳದಿಯಾಗಿದ್ದರೆ ಬರ್ನರಿನ ಗಾಳಿಕಿಂಡಿ ಸ್ವಲ್ಪ ತೆರೆಯಿರಿ. ಸೋರಿಕೆಯನ್ನು ಸೋಪಿನ ನೊರೆ ಹಚ್ಚಿ ಹುಡುಕಿ. ಬೆಂಕಿಕಡ್ಡಿ ಗೀರಿ ಹುಡುಕುವುದು ಪ್ರಾಣಕ್ಕೇ ಅಪಾಯ.

ಗ್ಯಾಸೇ ಆಗುತ್ತಿಲ್ಲ ಎಂದಾದರೆ ಸಗಣಿ ಎಷ್ಟು ಹಾಕುತ್ತೀರಿ ಎಂದು ನಾಲ್ಕು ದಿನ ತೂಗಿ ನೋಡಿ. 2 ಘನ ಮೀಟರಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಮೇಯಲು ಹೋಗುವ ಮಲೆನಾಡು ಗಿಡ್ಡ ತಳಿಯ ದನ ಅರ್ಧ ಸಗಣಿಯನ್ನು ಬೇಣದಲ್ಲೇ (ಹುಲ್ಲುಗಾವಲಿನಲ್ಲೇ) ಹಾಕಿ ಬರುತ್ತದೆ, ಐದು ದನ ಇದ್ದರೂ ಸಾಕಾಗದಿರಬಹುದು. ನಿಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು ಹಾಸುವ ಪದ್ಧತಿ ಇದೆ. ಆ ಸೊಪ್ಪು, ಹುಲ್ಲು ತೊಟ್ಟಿಗೆ ಇಳಿದರೆ ಮೇಲೆ ತೇಲಿ ಕೆನೆಯಂತೆ ಗಟ್ಟಿಯಾಗುತ್ತದೆ, ಗ್ಯಾಸ್ ಅದರಡಿ ಸಿಕ್ಕಿಬೀಳುತ್ತದೆ. ಕಲಸುವಾಗ ಕೈಯಿಂದ ಆರಿಸಿ ತೆಗೆಯಿರಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಒಳಗೆ ಹೋದರೆ ಗ್ಯಾಸ್ ಮಾಡುವ ಜೀವಾಣುಗಳೇ ಸಾಯುತ್ತವೆ. ಸೂರಿನ ಮಳೆನೀರು ಬಿದ್ದರೆ ಬಗ್ಗಡ ತೆಳುವಾಗಿ, ಕೊಳೆಯುವ ಮುಂಚೆಯೇ ಹೊರಬಂದುಬಿಡುತ್ತದೆ. ಆದ್ದರಿಂದ ಒಳಹಾಕುವ ತೊಟ್ಟಿಗೆ ಮುಚ್ಚಳ ಮಾಡಿಸಿ. ಚಳಿಯಲ್ಲಿ ಜೀವಾಣುಗಳ ಕೆಲಸ ನಿಧಾನ, ಬಿಸಿಲಿಗಿಟ್ಟ ನೀರಿನಲ್ಲಿ ಕಲಸಿ ಮಧ್ಯಾಹ್ನ ಹಾಕಿ. ಗುಮ್ಮಟದ ಮೇಲಿನ ಮಣ್ಣು ಕೊಚ್ಚಿಹೋಗಿದ್ದರೆ ಮತ್ತೆ ತುಂಬಿಸಿ.

ತೊಟ್ಟಿ ಖಾಲಿ ಮಾಡಿಸುವ ಸಂದರ್ಭ ಬಂದರೆ ಯಾರೂ ಒಳಗೆ ಇಳಿಯಬಾರದು. ಅಲ್ಲಿ ಉಸಿರುಗಟ್ಟಿ ಜನ ಸತ್ತಿದ್ದಾರೆ.

ಪ್ರಶ್ನೆ: ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಆದರೂ ರಾಯಚೂರಿನಲ್ಲಿ ಕಲ್ಲಿದ್ದಲು ಯಾಕೆ ಸುಡಬೇಕು?
(ಮಧುಗಿರಿಯ ಓದುಗರು)

ಉತ್ತರ: ಪಾವಗಡದ ಸಾಮರ್ಥ್ಯ 2,050 ಮೆಗಾವ್ಯಾಟ್, ಆದರೆ ಅದು ಬಿಸಿಲಿದ್ದಾಗ ಮಾತ್ರ. ಸಂಜೆ ಎಲ್ಲ ಮನೆಗಳಲ್ಲೂ ದೀಪ, ಟಿವಿ, ಮಿಕ್ಸಿ ಚಾಲೂ ಆಗುವ ಹೊತ್ತಿಗೆ ಅಲ್ಲಿ ಸೊನ್ನೆ. ಆಗ ಶರಾವತಿಯ ನೀರು, ರಾಯಚೂರು–ಬಳ್ಳಾರಿಯ ಕಲ್ಲಿದ್ದಲು ಬೇಕೇಬೇಕು. 2023ರಂತೆ 236ರಲ್ಲಿ 223 ತಾಲ್ಲೂಕು ಬರಪೀಡಿತವಾದ ವರ್ಷದಲ್ಲಿ ಶರಾವತಿಯೂ ಕೈಕೊಡುತ್ತದೆ. ಹಗಲಿನ ವಿದ್ಯುತ್ತಿನಿಂದ ನೀರು ಮೇಲೆತ್ತಿ ಸಂಜೆ ಕೆಳಗೆ ಬಿಡುವ ಯೋಜನೆಯೊಂದರ ಪ್ರಸ್ತಾಪ ಶರಾವತಿ ಕಣಿವೆಯಲ್ಲಿದೆ, ಅದು ಸಿಂಗಳೀಕಗಳ ಅಭಯಾರಣ್ಯವನ್ನು ಹಾದುಹೋಗುತ್ತದೆ. ಕಾಡು ಕಡಿದು ಹವಾಮಾನ ಉಳಿಸುವ ಲೆಕ್ಕ ನಮಗೆ ಒಪ್ಪಿಗೆಯಿಲ್ಲ.

ಅದಕ್ಕಿಂತ ಮೊದಲು ಮಾಡಬಹುದಾದ್ದು ರೈತರ ಪಂಪ್‌ಸೆಟ್‌ಗಳನ್ನು ರಾತ್ರಿಯ ಪಾಳಿಯಿಂದ ಹಗಲಿಗೆ ತರುವುದು. 5 ಎಚ್‌ಪಿ ಪಂಪಿಗೆ ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಸಾಕು. ಬಿಸಿಲಿನಲ್ಲಿ ಎತ್ತಿ ತೊಟ್ಟಿಯಲ್ಲೋ ಕೃಷಿ ಹೊಂಡದಲ್ಲೋ ನಿಲ್ಲಿಸಿದ ನೀರಿಗೆ ಬ್ಯಾಟರಿಯ ಖರ್ಚಿಲ್ಲ. ಮನೆಯಲ್ಲಿ ಓವರ್‌ಹೆಡ್ ಟ್ಯಾಂಕ್ ತುಂಬಿಸುವುದು, ಬಟ್ಟೆ ಒಗೆಯುವ ಮಷೀನು ಹಾಕುವುದನ್ನು ಸಂಜೆ 7ರ ಬದಲು ಬೆಳಿಗ್ಗೆ 11ರಿಂದ 2ರೊಳಗೆ ಮುಗಿಸಿಕೊಳ್ಳಿ.